ಬಿಳಿಕಾಲಿಯ ಹಾಲು

ಅಪ್ಪಾ,

ಸಂತೆಯಿಂದ ಬಂದೊಡನೆ ಇದನ್ನು ಓದಿ. ಬೆಳಿಗ್ಗೆ, ಹಿಂದೆ ಬೇರೆ ಮೇಕೆಗಳಿಗೆ ಆದಂತೆ, ನಮ್ಮ ಬಿಳಿಕಾಲಿ ಮೇಕೆಯೂ ದಿನ ತುಂಬುವ ಮೊದಲೇ ಕಂದು ಹಾಕಿತು. ಡೈರಿಯವರು ಹಾಲಿನಿಂದ ನಮಗೂ ತಗಲುವ ಈ ಸೋಂಕಿನ ಪರೀಕ್ಷೆಗೆ ಪ್ರತಿ ಮೇಕೆಯ ಹಾಲು ಕೇಳಿದಾಗ, ಎಲ್ಲ ಶೀಸೆಗಳಿಗೂ ಗಟ್ಟಿಮುಟ್ಟಾಗಿದ್ದ ಇದರ ಹಾಲನ್ನೇ ತುಂಬಿದಿರಿ. ನಾನು ಬೇಡವೆಂದಾಗ, “ನಾಲ್ಕು ಕರಪತ್ರ ಓದಿ ನಂಗೇ ಮೇಕೆ ಸಾಕೋದು ಕಲಿಸ್ತೀಯೇನೇ?” ಎಂದು ನಕ್ಕಿರಿ.

ರೋಗವಿಲ್ಲವೆಂದು ಬಂದ ವರದಿಯನ್ನು ನಂಬಿ ಬಸುರಿ ಅತ್ತಿಗೆ ದಿನವೂ ಹಸಿ ಹಾಲು ಕುಡಿದರು. ವಾರದಿಂದ ಸಂಜೆಯಾದರೆ ಜ್ವರ, ಇಂದು ಹೊಟ್ಟೆನೋವು. ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಡಾಕ್ಟರಿಗೆ ಶೀಸೆಗಳ ಸಂಗತಿಯನ್ನೂ ಹೇಳುತ್ತೇನೆ, ಮರ್ಯಾದೆ ಹೋದರೆ ಹೋಗಲಿ. ಒಂದು ಮನೆಯ ಸುಳ್ಳನ್ನು ಊರೆಲ್ಲ ಕುಡಿಯಬಾರದು.

ಕ್ಯಾನಿನ ಹಾಲು ಚೆಲ್ಲಿಬಿಡಿ. ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಅಣ್ಣ ತೊಟ್ಟಿಲು ತರಲು ಹೋಗಿದ್ದಾನೆ. ಅವನಿಗೆ ನೀವೇ ಹೇಳಿ.

ನಿಮ್ಮ ಕಿರಿಮಗಳು