ಪರವಾನಗಿ ಇದ್ದವನಿಗೂ ಬಂದೂಕು ಕೊಡದವಳ ಅಹವಾಲು

ಮಾನ್ಯ ಪರವಾನಗಿ ಅಧಿಕಾರಿಗಳೇ,

ಬರುವ ಶನಿವಾರದೊಳಗೆ ಒಬ್ಬ ಗಿರಾಕಿಗೆ ಬಂದೂಕು ಕೊಡಬೇಕು, ಇಲ್ಲದಿದ್ದರೆ ನನ್ನ ಅಂಗಡಿಗೆ ಬೀಗ ಎಂದು ತಾವು ಅಪ್ಪಣೆ ಮಾಡಿದ್ದೀರಿ. ಕೊಟ್ಟರೆ ಅವನು ಹೆಂಡತಿಯನ್ನು ಕೊಲ್ಲುತ್ತಾನೆಂಬ ಭಯ ನನಗೆ. ತಮ್ಮೆದುರು ಬಾಯಿಬಿಟ್ಟು ಹೇಳಿದೆ, ತಾವು ನಕ್ಕಿರಿ. ಅದಕ್ಕೇ ಈಗ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಬಂದೂಕು ಮಾರುವವಳಿಗೂ ಭಯವೇ ಎಂದು ಓದುವವರು ನಗಬಹುದು. ನಗಲಿ. ಅಕ್ಷರ ಸೊಟ್ಟಗಿದ್ದರೆ ಪತ್ರಿಕೆಯವರು ಸರಿಮಾಡಿಕೊಳ್ಳಲಿ.

ನನ್ನದು ಸಣ್ಣ ಅಂಗಡಿ. ಎದುರಿಗೆ ಔಷಧಿ ಅಂಗಡಿ, ಪಕ್ಕದಲ್ಲಿ ಕನ್ನಡಕದವರು. ಒಳಗೆ ಉದ್ದನೆಯ ಕೌಂಟರಿನ ಮೇಲೆ ಹಸಿರು ಬಟ್ಟೆ, ಗೋಡೆಗೊಂದು ಬೆಂಚು, ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುವ ನನ್ನ ಗಂಡ, ಎಲ್ಲೆಲ್ಲೂ ಎಣ್ಣೆಯ ವಾಸನೆ. ವ್ಯಾಪಾರ ಜೋರಾಗಿದೆ, ನಾಲ್ಕು ಜನರ ಕಣ್ಣು ಬೀಳುವಷ್ಟು. ಹಂದಿ ಓಡಿಸುವ ರೈತರು, ಗುರಿ ಹೊಡೆಯುವ ಕ್ಲಬ್ಬಿನವರು, ಬ್ಯಾಂಕಿನ ಕಾವಲುಗಾರರು ದೂರದಿಂದಲೂ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ದುಡ್ಡು ಕಂಡರೆ ನನಗೂ ಆಸೆಯೇ. ಇವಳಿಗೇನೋ ಪುಣ್ಯದ ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿ.

ಆದರೆ ನಮ್ಮ ಮಾವ ಹಾಕಿಕೊಟ್ಟ ಪದ್ಧತಿಯೊಂದಿದೆ. ಮನೆಯಲ್ಲಿಡಲು ಬಂದೂಕು ಕೇಳುವವನು ಒಬ್ಬನೇ ಬಂದರೆ ಕೊಡುವುದಿಲ್ಲ. ಮನೆಯವರೊಬ್ಬರು ಜೊತೆಗೆ ಬಂದು ಬೆಂಚಿನ ಮೇಲೆ ಕೂತು ಚಹಾ ಕುಡಿಯಬೇಕು. ಸಾಮಾನ್ಯವಾಗಿ ಹೆಂಡತಿಯರು ಬರುತ್ತಾರೆ, ಬಂದವರು ಬೈಯುತ್ತಾರೆ. "ಇದೊಂದು ಬಾಕಿ ಇತ್ತು ನೋಡಿ! ಜಿರಲೆ ಕಂಡ್ರೆ ಮಂಚ ಹತ್ತೋ ಮನುಷ್ಯನಿಗೆ ಬಂದೂಕು ಬೇರೆ ಕೇಡು" ಎಂದು ಒಬ್ಬಾಕೆ ಗಂಡನ ಮಾನ ಕಳೆದಾಗ ಅವನೂ ನಕ್ಕ, ನಾವೂ ನಕ್ಕೆವು, ಬಿಲ್ಲು ಬರೆದೆವು. ಗಂಡನನ್ನು ಬೈಯುವ ಧೈರ್ಯ ಇರುವ ಮನೆಗೆ ಬಂದೂಕು ಹೋಗಬಹುದು ಎನ್ನುತ್ತಿದ್ದರು ಮಾವ. ಬಾಯಿ ಬಿಡದೆ ಗಂಡನ ಕೈಯನ್ನೇ ನೋಡುತ್ತ ಕೂರುವವಳು ಬಂದರೆ, ಸ್ಪ್ರಿಂಗ್ ಸಡಿಲವಾಗಿದೆ, ಹೊಸ ಮಾಲು ಬರಲಿ ಎಂದು ಸಾಗಹಾಕುವುದು. ಹೌದು, ಸುಳ್ಳು. ಈ ಸುಳ್ಳಿಗೆ ತಮ್ಮ ನಿಯಮದಲ್ಲಿ ಜಾಗವಿಲ್ಲವೆಂದು ಈಗ ತಿಳಿಯಿತು.

ಈ ಗಿರಾಕಿ ಮರದ ಡಿಪೋ ಇಟ್ಟಿರುವವನು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ತಾವೇ ಮೊಹರು ಒತ್ತಿದ ಪರವಾನಗಿ. ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದಕ್ಕೆ ಹೆಂಡತಿಯನ್ನು ಕರೆತಂದ. ಆಕೆ ಬೆಂಚಿನ ತುದಿಯಲ್ಲಿ ಕೂತಳು. "ಏನಮ್ಮ, ನಿಮಗೆ ಒಪ್ಪಿಗೆನಾ?" ಎಂದು ಕೇಳಿದೆ. ಮೊದಲು ಅವನ ಮುಖ ನೋಡಿ, ಆಮೇಲೆ "ಅವರಿಷ್ಟ" ಎಂದಳು. ಚಹಾ ಮುಟ್ಟಿರಲಿಲ್ಲ. ಅವನು ತಿರುಗಿಯೂ ನೋಡದೆ "ಕುಡಿ" ಎಂದ. ಹಬೆಯಾಡುವ ಚಹಾವನ್ನು ಆ ಹೆಂಗಸು ಒಂದೇ ಉಸಿರಿಗೆ ಗಂಟಲಿಗೆ ಸುರಿದುಕೊಂಡಳು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಒಂದು ಶಬ್ದ ಬರಲಿಲ್ಲ. ಅಂದು ನಮ್ಮ ಅಂಗಡಿಯ ಎಲ್ಲ ಬಂದೂಕುಗಳ ಸ್ಪ್ರಿಂಗೂ ಸಡಿಲವಾಯಿತು.

ಅವನು ತಮಗೆ ದೂರು ಕೊಟ್ಟ, ತಾವು ಅವನನ್ನೂ ನನ್ನನ್ನೂ ವಿಚಾರಣೆಗೆ ಕರೆದಿರಿ. ಕಾರಣ ಕೇಳಿದಿರಿ. "ಸಾರ್, ನಿಮಗೊಬ್ರಿಗೇ ಹೇಳ್ತೀನಿ" ಎಂದು ಬೇಡಿಕೊಂಡೆ. "ಅವರ ಮುಂದೆ ಹೇಳೋಕಾಗದ ಕಾರಣ ಕಾರಣವೇ ಅಲ್ಲ. ಎಲ್ಲಾ ಪಾರದರ್ಶಕವಾಗಿರ್ಬೇಕು" ಎಂದಿರಿ. ಆಹಾ, ಎಂಥ ಪಾರದರ್ಶಕತೆ ಸ್ವಾಮಿ! ಬೇರೆ ದಾರಿ ಕಾಣದೆ ಬೈಯುವವರು, ಬೈಯದವರು ಎಂದೆಲ್ಲ ಬಿಡಿಸಿ ಹೇಳಿದೆ. ತಾವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಿರಿ. "ಹಾಗಾದ್ರೆ ನನ್ನ ಹೆಂಡ್ತಿ ಬಂದ್ರೆ ಫಿರಂಗಿನೇ ಕೊಟ್ಬಿಡ್ತೀರಿ ಬಿಡಿ!" ಗುಮಾಸ್ತರೂ ನಕ್ಕರು. ಒಬ್ಬನೇ ಒಬ್ಬ ನಗಲಿಲ್ಲ. ಅವನು ತಲೆ ಬಾಗಿಸಿ, ಗಮನವಿಟ್ಟು, ನನ್ನ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ.

ನಿನ್ನೆ ತಮ್ಮ ಆದೇಶ ಹಿಡಿದು ಅಂಗಡಿಗೆ ಬಂದ. ಹಿಂದೆಯೇ ಆಕೆ. ನಾನು ಏನೂ ಕೇಳಿರಲೇ ಇಲ್ಲ. ಕೂತವಳೇ ಶುರು ಮಾಡಿದಳು. "ಸುಮ್ನೆ ದುಡ್ಡು ದಂಡ. ಇಲಿ ಹೊಡಿಯೋಕೂ ಬರಲ್ಲ ಇವರಿಗೆ. ಬಂದೂಕು ಯಾಕೆ..." ಅಷ್ಟಕ್ಕೆ ನಿಂತಿತು. ಅವನತ್ತ ನೋಡಿದಳು. ಅವನ ತುಟಿ ಅಲುಗಿತು. "ಯಾಕೆ ಬೇಕು ಇವರಿಗೆ" ಎಂದು ಮುಗಿಸಿ ಅವನ ಕೈ ನೋಡುತ್ತ ಕೂತಳು. "ಬೈದಳಲ್ಲ ಮೇಡಂ, ಇನ್ನೇನು?" ಎಂದು ಅವನು ನಕ್ಕ. ಬಂದೂಕಿಗೆ ಇನ್ನೂ ಎಣ್ಣೆ ಹಾಕಿ ಸಿದ್ಧ ಮಾಡಬೇಕು ಎಂದೆ. "ಶನಿವಾರ ಬರ್ತೀವಿ" ಎಂದು ಹೋದ. ಅಲ್ಲಿಯವರೆಗೆ "ಊರ ಉಸಾಬರಿ ನಮಗ್ಯಾಕೆ, ಕೊಟ್ಟು ಕೈತೊಳ್ಕೋ" ಎನ್ನುತ್ತಿದ್ದ ನನ್ನ ಗಂಡ ಆಕೆ ಕೂತಿದ್ದ ಬೆಂಚಿನ ಹತ್ತಿರ ಬಂದು, "ಪಾಠ ಮಾಡ್ಸಿ ಕರ್ಕೊಂಡು ಬಂದಿದಾನೆ ಕಣೇ" ಎಂದರು.

ಆ ಪಾಠದ ಮೇಷ್ಟ್ರು ಯಾರು ಸ್ವಾಮಿ? ತಾವಲ್ಲವೇ? ಪರವಾನಗಿ ಕೊಡುವಾಗ ಅವನ ಕಣ್ಣು ಪರೀಕ್ಷೆ ಮಾಡಿಸಿದಿರಿ, ತೆರಿಗೆ ಕಟ್ಟಿದ್ದು ನೋಡಿದಿರಿ. ಬಂದೂಕು ತೂಗುಹಾಕುವ ಮನೆಯೊಳಗೆ ಇನ್ನೊಂದು ಜೀವ ಇದೆಯಲ್ಲ, ಅದನ್ನು ಯಾರಾದರೂ ಮಾತಾಡಿಸಿದಿರಾ? ಪೊಲೀಸ್ ಠಾಣೆಗೂ ಹೋಗಿ ಬಂದೆ. "ಆಯಮ್ಮನೇ ದೂರು ಕೊಡ್ಲಿ, ನೋಡೋಣ" ಎಂದರು. ಒಂದು ಲೋಟ ಚಹಾ ಬೇಡ ಎನ್ನಲಾಗದವಳು ಠಾಣೆಯ ಮೆಟ್ಟಿಲು ಹತ್ತಬೇಕಂತೆ!

ಈ ಪತ್ರವನ್ನು ಅವನೂ ಓದುತ್ತಾನೆ. ಊರ ಕಣ್ಣು ತನ್ನ ಮೇಲಿದೆ ಎಂದು ತಿಳಿದರೆ ಸುಮ್ಮನಾದಾನು ಎಂಬ ಆಸೆಯಿಂದ ಬರೆದೆ. ಇದೇ ಸಿಟ್ಟಿಗೆ ಏನು ಮಾಡಿಬಿಡುತ್ತಾನೋ ಎಂಬ ಹೆದರಿಕೆಯೂ ಇದೆ. ಆದ್ದರಿಂದ ಇವತ್ತೇ ಒಬ್ಬ ಮಹಿಳಾ ಅಧಿಕಾರಿಯನ್ನು ಆ ಮನೆಗೆ ಕಳಿಸಿ. ಅವನನ್ನು ಹೊರಗೆ ನಿಲ್ಲಿಸಿ ಆಕೆಯನ್ನು ಮಾತಾಡಿಸಲಿ. ಅಲ್ಲಿಯವರೆಗೆ ಪರವಾನಗಿಯನ್ನು ತಡೆಹಿಡಿಯಿರಿ.

ಅದಾಗದಿದ್ದರೆ ಇನ್ನೊಂದು ವಿಷಯ ಗಮನಕ್ಕೆ ತರುತ್ತೇನೆ. ಗುಂಡಿನ ಬೆನ್ನಿಗೆ ಬಡಿಯುವ ಪಿನ್ನನ್ನು ಆ ಬಂದೂಕಿನಿಂದ ಕಳಚಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅದಿಲ್ಲದೆ ಗುಂಡು ಹಾರುವುದಿಲ್ಲ. ಗಿರಾಕಿಗೆ ಕೆಟ್ಟ ಮಾಲು ಕೊಡುವುದು ತಮ್ಮ ನಿಯಮದ ಪ್ರಕಾರ ಅಪರಾಧ. ಇಗೋ, ಒಪ್ಪಿಕೊಂಡಿದ್ದೇನೆ. ಶನಿವಾರ ಬಂದು ನನ್ನನ್ನು ಹಿಡಿಯಿರಿ. ದಯವಿಟ್ಟು ಅವನಿಗಿಂತ ಮೊದಲು ಬನ್ನಿ.

ಇಂತಿ,
ಹೆದರಿಕೊಂಡೇ ಷಟರ್ ಎತ್ತುವ,
ಬಂದೂಕು ಅಂಗಡಿಯವಳು