ಟಿಶ್ಯೂಲಿ ಸುತ್ತಿದ್ದ ವಿಭೂತಿ

ಲೋ ಕೇದಾರ, ಸಿಟ್ಟಾಗೋಕ್ ಮುಂಚೆ ಇದನ್ನ ಪೂರ್ತಿ ಓದು. ಫೋನ್ ಚಾರ್ಜ್ ಇಲ್ಲ, ಅದಕ್ಕೇ ಆಸ್ಪತ್ರೆಯಿಂದ ಖಾಲಿ ಕ್ಯಾರಿಯರ್ ಜೊತೆ ಈ ಚೀಟಿ.

ಅಕ್ಕಂಗೆ ಬೆಳಗ್ಗೆ ಹೆಣ್ಣು ಮಗು ಆಯ್ತು, ಇಬ್ರೂ ಚೆನ್ನಾಗಿದಾರೆ. ಅಷ್ಟು ಪುಟ್ಟ ಬೆರಳಿಗೂ ಉಗುರಿದೆ ಕಣೋ.

ಅಜ್ಜ ತೀರ್ಕೊಂಡಿದ್ದನ್ನ ಅವಳಿಗೆ ಹೇಳ್ಬಿಟ್ಟೆ. ಬಿಪಿ ಏರುತ್ತೆ, ಮನೆಗೆ ಬರೋವರೆಗೂ ಬಾಯ್ಬಿಡ್ಬೇಡ ಅಂದಿದ್ದೆ ನೀನು, ಗೊತ್ತು. ಮಗೂನ ಎದೆ ಮೇಲಿಟ್ಕೊಂಡು "ಮಾನ್ಯ, ಅಜ್ಜ ಎಲ್ಲೇ?" ಅಂದ್ಲು. ನೀನು ಹೇಳ್ಕೊಟ್ಟ ಹಾಗೆ ತುಮಕೂರಿಗೆ ಮದ್ವೆಗೆ ಹೋಗಿದಾರೆ ಅನ್ನೋಕ್ ಹೋದೆ, ಆಗ್ಲಿಲ್ಲ.

ಅವಳಿಗೆ ನಾಲ್ಕು ದಿನದಿಂದಾನೇ ಗೊತ್ತಿತ್ತು. "ನಾನಿಲ್ಲಿ ಅಡ್ಮಿಟ್ ಆದಾಗಿಂದ ಅಜ್ಜ ದಿನಾ ಪೂಜೆ ಮುಗಿಸಿ, ಹಿಂದಿನ ದಿನದ ಕ್ಯಾಲೆಂಡರ್ ಹಾಳೇಲಿ ವಿಭೂತಿ ಮಡಿಸಿ ಊಟದ ಕ್ಯಾರಿಯರ್ ಜೊತೆ ಕಳಿಸ್ತಿದ್ರು. ಜ್ವರ ಬಂದಾಗ್ಲೂ ಬೇರೆಯವ್ರಿಗೆ ಬಿಡ್ಲಿಲ್ಲ. ಮಂಗಳವಾರ ಟಿಶ್ಯೂಲಿ ಬಂತು. ಕೇದಾರ ತಾನೇ ಸುತ್ತಿದ್ದು, ಪೆದ್ದ" ಅಂದ್ಲು. ನಾವು ಇಷ್ಟು ಕಷ್ಟಪಟ್ಟು ಮುಚ್ಚಿಡ್ತಿದೀವಲ್ಲ ಅಂತ ಅವಳೂ ಸುಮ್ನಿದ್ಲಂತೆ. ಅಷ್ಟನ್ನೂ ಒಳಗಿಟ್ಕೊಂಡು ಮಗು ಹೆತ್ತಿದಾಳೆ.

ಸಾರು ಬಿಸಿ ಮಾಡಿ ಅಜ್ಜಿಗೆ ಊಟ ಬಡಿಸು, ಎದುರು ಕೂತ್ಕೋ, ಇಲ್ದಿದ್ರೆ ತಿನ್ನಲ್ಲ. ಅಕ್ಕನ ಬಾಣಂತಿ ಊಟಕ್ಕೆ ಗಾಂಧಿ ಬಜಾರಿಂದ ಸಬ್ಬಸಿಗೆ ಸೊಪ್ಪು ತಂದಿಡು, ಹಳದಿಯಾಗಿರೋದು ಬೇಡ.

ಅಜ್ಜನ ಮೆತ್ತಗಿರೋ ಹಳೇ ಪಂಚೆ ಎರಡು ಇಲ್ಲಿಗೆ ತಗೊಂಡ್ ಬಾ. ಮಗೂನ ಅದ್ರಲ್ಲೇ ಸುತ್ತೋದಂತೆ, ಅಕ್ಕನ ಆರ್ಡರ್. ಅಮ್ಮ ಅವನ್ನ ಯಾರಿಗಾದ್ರೂ ಕೊಡೋಕ್ ಮುಂಚೆ ಎತ್ತಿಡು.

ನಾನು ಮಾತು ಮುರಿದೆ, ಹೌದು. ಆದ್ರೆ ಅವಳು ನನ್ನ ಕೈ ಹಿಡ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ಲು. ನೀನಾಗಿದ್ರೆ ಏನ್ ಹೇಳ್ತಿದ್ದೆ?