ಅಮಾಸೆಯ ದಿನ ಅಳೆದ ನಮ್ಮ ಗಳಿಕೆ

ಸಮವಸ್ತ್ರದ ಹೊಲಿಗೆಗೆ ದರ ಕಟ್ಟುವ ಮಾನ್ಯರೇ,

ಈಗ ರಾತ್ರಿ ಎರಡೂವರೆ. ನನ್ನನ್ನು ಎಬ್ಬಿಸಿದ್ದು ನನ್ನ ಏಳು ತಿಂಗಳ ಮಗಳಲ್ಲ; ಅವಳು ಅಪರೂಪಕ್ಕೆ ನಿದ್ದೆ ಹೋಗಿದ್ದಾಳೆ. ಎಬ್ಬಿಸಿದ್ದು ಕಬ್ಬಿಣಕ್ಕೆ ಕಬ್ಬಿಣ ಕಿರುಗುಟ್ಟುವ ಸದ್ದು. ಎದ್ದು ನೋಡಿದರೆ ನಮ್ಮ ಮನೆಯವರು ಪಡಸಾಲೆಯಲ್ಲಿ ಕುಳಿತು, ಪಾನಾ ಹಿಡಿದು, ನನ್ನ ಹೊಲಿಗೆ ಮಷೀನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಗೊಬ್ಬರದ ಖಾಲಿ ಚೀಲ. ಬೆಳಗಿನ ಆರೂವರೆ ಬಸ್ಸಿಗೆ ಆ ತಲೆ ದೇವದುರ್ಗ ಬಿಟ್ಟು ಮಾನ್ವಿಗೆ ಹೊರಡುತ್ತದೆ. ಅದರ ಹಿಂದೆ ನಾನು. ಮಗಳು ಇಲ್ಲೇ ಅತ್ತೆಯ ಬಳಿ ಉಳಿಯುತ್ತಾಳೆ, ಹೊಲಿಗೆ ಮುಗಿದು ಊರಿನ ಶಾಲೆಗಳು ತೆರೆಯುವವರೆಗೆ. ಇಷ್ಟೂ ನಿಮ್ಮ ದರಪಟ್ಟಿಯ ಪ್ರತಾಪ.

ಈ ಪತ್ರವನ್ನು ನಿಮ್ಮ ಜೊತೆ ಊರವರೂ ಓದುತ್ತಾರಾದ್ದರಿಂದ ಆ ಪಟ್ಟಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಶಾಲೆಯ ಮಕ್ಕಳಿಗೆ ಒಂದು ಜೊತೆ ಸಮವಸ್ತ್ರ ಹೊಲಿದುಕೊಟ್ಟರೆ ರಾಯಚೂರು ನಗರದಲ್ಲಿ ನೂರಾ ಇಪ್ಪತ್ತು ರೂಪಾಯಿ, ಮಾನ್ವಿಯಲ್ಲಿ ನೂರಾ ಹತ್ತು, ದೇವದುರ್ಗದಲ್ಲಿ ಅರವತ್ತೈದು. ಬಟ್ಟೆ ಒಂದೇ ತಾನಿನದು. ಅದೇ ಕಾಲರು, ಅದೇ ಕಾಜಾ, ಅದೇ ಗುಂಡಿ. ಹೊಲಿಯುವವಳು ಯಾವ ಊರಿನವಳೆಂದು ನೀವು ಕೇಳುವುದಿಲ್ಲ, ಎಲ್ಲಿ ಕುಳಿತು ಹೊಲಿದಳೆಂದು ಮಾತ್ರ ಕೇಳುತ್ತೀರಿ. ಹಾಗಾದರೆ ನನ್ನ ಕೈಗಳ ಬೆಲೆ ಏರುವುದು ನಿಖರವಾಗಿ ಯಾವ ತಿರುವಿನಲ್ಲಿ? ತಾಲ್ಲೂಕಿನ ಗಡಿಗಲ್ಲು ದಾಟಿದಾಗಲೋ, ಮಾನ್ವಿ ಬಸ್ ನಿಲ್ದಾಣದ ನಲ್ಲಿಯಲ್ಲಿ ಕೈ ತೊಳೆದಾಗಲೋ? ಸರ್ಕಾರದ ಬಸ್ಸು ಹೆಣ್ಣುಮಕ್ಕಳನ್ನು ಟಿಕೆಟ್ ಇಲ್ಲದೆ ಒಯ್ಯುತ್ತದೆ, ಮಷೀನಿಗೆ ಮಾತ್ರ ಲಗೇಜು ಹಾಕುತ್ತದೆ. ಅಂದರೆ ಸರ್ಕಾರವೇ ನನ್ನನ್ನು ಬಿಟ್ಟಿಯಾಗಿ ಹೊತ್ತುಕೊಂಡು ಹೋಗಿ, ಇಳಿಸಿ, ಜಾಸ್ತಿ ಕೂಲಿ ಕೊಡುತ್ತದೆ. ಇಲ್ಲೇ ಕೊಟ್ಟಿದ್ದರೆ ಡೀಸೆಲ್ಲಾದರೂ ಉಳಿಯುತ್ತಿತ್ತಲ್ಲವೇ?

ಈ ದರಗಳು ಗಾಳಿಯಲ್ಲಿ ಹುಟ್ಟಿದವಲ್ಲ, ಆಯಾ ಊರಿನ ಹೊಲಿಗೆಯವರ ಗಳಿಕೆಯ ಸಮೀಕ್ಷೆಯಿಂದ ಹುಟ್ಟಿದವು ಎಂದು ನಿಮ್ಮ ಕಚೇರಿಯವರು ನನಗೆ ಗದರಿಸಿಯೇ ಹೇಳಿದರು. ಒಪ್ಪುತ್ತೇನೆ. ನಾನೂ ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದವಳು, ಸರಾಸರಿಗೆ ಕೈಮುಗಿಯುವುದನ್ನು ಕಾಲೇಜಿನಲ್ಲಿ ಕಲಿತಿದ್ದೇನೆ. ಆದರೆ ಆ ಸಮೀಕ್ಷೆ ನಮ್ಮ ಮನೆಗೆ ಬಂದಾಗ ನಾನು ಎದುರಿಗೇ ಇದ್ದೆ. ಹೇಗೆ ನಡೆಯಿತೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಕೇಳಿ.

ಯುಗಾದಿ ಅಮಾಸೆ. ನಮ್ಮ ಓಣಿಯ ಹೊಲಿಗೆಯವರು ಅಮಾಸೆಯ ದಿನ ಕತ್ತರಿ ಮುಟ್ಟುವುದಿಲ್ಲ. ಮಷೀನಿಗೆ ಎಣ್ಣೆ ಹಾಕಿ, ಒರೆಸಿ, ಕುಂಕುಮ ಹೂವು ಏರಿಸಿ, ಕಾಯಿ ಒಡೆದು ಸುಮ್ಮನೆ ಬಿಡುತ್ತೇವೆ. ಹಿಂದಿನ ದಿನ ಮಾತ್ರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಕುಬುಸ, ಲಂಗ, ಅಂಗಿಗಳನ್ನು ಹೊಲಿದು ಮುಗಿಸುವಾಗ ಕೋಳಿ ಕೂಗಿತ್ತು. ಅಮಾಸೆಯ ಮಧ್ಯಾಹ್ನ ನಿಮ್ಮವರೊಬ್ಬರು ಮೊಬೈಲ್ ಹಿಡಿದು ಬಂದರು. ಬಿಸಿಲಿನಲ್ಲಿ ಬಂದಿದ್ದಾರೆಂದು ನಮ್ಮ ಅತ್ತೆ ಬೂದೆಮ್ಮ ಚಾಪೆ ಹಾಸಿ ನೀರು ಕೊಟ್ಟರು.

"ಅಮ್ಮಾ, ಇವತ್ತು ಎಷ್ಟು ಹೊಲಿದಿರಿ?" ಎಂದರು ನಿಮ್ಮವರು.

"ಇವತ್ತು ಅಮಾಸಿ ಅದಲ್ಲ ಯಪ್ಪಾ. ಮಷೀನಿಗೆ ಪೂಜಿ ಮಾಡೀವಿ. ಕುಂಕುಮ ಕಾಣವಲ್ದೇನು?"

"ಅಂದರೆ ಇವತ್ತಿನ ಆದಾಯ?"

"ಮಷೀನೂ ಕುಂತದ, ನಾವೂ ಕುಂತೀವಿ. ಕುಂತವರಿಗೆ ಯಾರ್ ರೊಕ್ಕ ಕೊಡ್ತಾರ?"

"ಸೊನ್ನೆ ಅಂತ ಹಾಕಿಕೊಳ್ಳಲಾ?"

"ಹಾಕ್ಕೋ, ಇದ್ದದ್ದು ಹಾಕ್ಕೋ. ಮೊದ್ಲು ಕಡುಬು ತಿನ್ನು, ಆರ್ತಾವ."

ನಾನು ನಡುವೆ ಬಾಯಿ ಹಾಕಿ, "ನಿನ್ನೆದು ಕೇಳ್ರಿ ಸರ್, ನಿನ್ನೆ ಎಷ್ಟು ಹೊಲಿದೀವಿ ಹೇಳ್ತೀನಿ" ಎಂದೆ. ಅವರು ಪಾಪ, ಪ್ರಾಮಾಣಿಕರು. ಮೊಬೈಲನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. "ಮೇಡಂ, ಇದರಲ್ಲಿ ನಿನ್ನೆ ಅನ್ನೋದೇ ಇಲ್ಲ. ಇವತ್ತು ಒಂದೇ ಇದೆ."

ಕಡುಬು, ತುಪ್ಪ, ಮತ್ತೆ ಕಡುಬು. ಪಕ್ಕದ ಓಣಿಯಲ್ಲೇ ಸಲಾವುದ್ದೀನ್ ಮಾಮಾನ ಅಂಗಡಿ ರಂಜಾನ್ ಹೊಲಿಗೆಯಲ್ಲಿ ಮುಳುಗಿತ್ತು. ಅಲ್ಲಿಗೂ ಹೋಗಿ ಬನ್ನಿ ಎಂದು ಹೇಳಿದೆ. ಆದರೆ ಅಷ್ಟು ಕಡುಬಿನ ಮೇಲೆ ಯಾರು ತಾನೇ ಎದ್ದು ನಡೆಯಬಲ್ಲರು? ನಮ್ಮ ಓಣಿಯ ಮುಚ್ಚಿದ ಬಾಗಿಲುಗಳನ್ನೇ ನೋಡಿಕೊಂಡು ಅವರು ಬಸ್ಸು ಹತ್ತಿದರು. ಊಟ ಹಾಕಿದ ತಪ್ಪಿಗೆ ದೇವದುರ್ಗ ಇಡೀ ತಾಲ್ಲೂಕೇ ದುಡಿಮೆಯಿಲ್ಲದ ತಾಲ್ಲೂಕಾಯಿತು.

ಅದೇ ದಿನ ಮಾನ್ವಿಗೂ ನಿಮ್ಮವರೊಬ್ಬರು ಹೋಗಿದ್ದರು. ಅಲ್ಲಿ ನನ್ನ ಕಾಲೇಜಿನ ಗೆಳತಿ ತಹಮೀನಾ ಇದ್ದಾಳೆ. ಅವಳೂ ಅವಳ ಅತ್ತೆ ಅಮೀರ್ ಬೀಯೂ ಹೊಲಿಗೆಯವರೇ. ಬೆಳಿಗ್ಗೆ ನಾನು ಹೋಗಿ ಮಷೀನು ಇಳಿಸುವುದೂ ಅವರ ಮನೆಯಲ್ಲೇ. ದರಪಟ್ಟಿ ಬಂದ ದಿನ ಅವಳಿಗೆ ಫೋನು ಮಾಡಿ, "ನಿಮ್ಮೂರಾಗ ಏನು ಬಂಗಾರದ ದಾರದಾಗ ಹೊಲಿತೀರೇನೇ?" ಎಂದು ಕೇಳಿದೆ.

"ಅವತ್ತು ನಮ್ಮನಿಯಾಗ ಐದು ಮಷೀನ್ ಓಡಾಕತ್ತಿದ್ವು ದೇವಿಕಾ," ಎಂದಳು. "ಚಾಂದ್ ಇವತ್ತ ಕಾಣ್ತದೋ ನಾಳಿ ಕಾಣ್ತದೋ ಅಂತ ಜನ ಬಾಗಿಲ್ದಾಗ ನಿಂತು ಜೀವ ತಿನ್ನಾಕತ್ತಿದ್ರು. ಆ ಪುಣ್ಯಾತ್ಮ ಬಂದು, ಇವತ್ತ ಎಷ್ಟು ಬಂತು ಅಂದ. ನಮ್ಮತ್ತಿ ರೊಕ್ಕದ ಡಬ್ಬಿ ಅವನ ಕಡಿ ದಬ್ಬಿ, ನನಗ ಪುರುಸೊತ್ತಿಲ್ಲ, ನೀನ ಎಣಿಸ್ಕೋ ಅಂದ್ಲು. ಎಣಿಸಿಕೊಂಡು ಹೋದ."

"ಹಬ್ಬ ಆದ ಮ್ಯಾಲ?"

"ಹಬ್ಬ ಆದ ಮ್ಯಾಲ ಹದಿನೈದು ದಿನ ಹರಿದ ಜೇಬು ಹೊಲಿಸಾಕೂ ಯಾರೂ ಬರ್ಲಿಲ್ಲ."

"ಅದನ್ನ ಅವಂಗ ಹೇಳ್ಬೇಕಿಲ್ಲೇನು?"

"ಹಬ್ಬದ ಮುಂಚೆ ಬಂದವಂಗ ಹಬ್ಬದ ಮ್ಯಾಲಿಂದು ಹೆಂಗ ಹೇಳ್ಲೇ?"

ಮಾನ್ಯರೇ, ಒಂದೇ ಚಂದ್ರ. ಅವನು ಕಾಣದ ದಿನ ನಮ್ಮ ಓಣಿಯ ಮಷೀನು ನಿಲ್ಲುತ್ತದೆ. ಅವನು ಕಾಣುವ ತನಕ ಅವಳ ಓಣಿಯ ಮಷೀನು ನಿಲ್ಲುವುದಿಲ್ಲ. ನೀವು ಅಳೆದದ್ದು ಚಂದ್ರನನ್ನು. ದರ ಕಟ್ಟಿದ್ದು ಮಾತ್ರ ನಮಗೆ.

ಇನ್ನು ರಾಯಚೂರು ನಗರ. ಬಜಾರಿನಲ್ಲಿ ನಾವು ದಾರ ಗುಂಡಿ ತರುವ ಅಂಗಡಿಯ ಪಕ್ಕದಲ್ಲೇ ಶಾಕಿರ್ ಎಂಬ ದರ್ಜಿ ಇದ್ದಾನೆ. ಅವನನ್ನೂ ಕೇಳಿದೆ. "ಸರ್ಕಾರದವ ಬಂದು ಗಳಿಕಿ ಎಷ್ಟು ಅಂದ್ರ ಖರೇ ಹೇಳಾಕ ನನಗೇನು ತಲಿ ಕೆಟ್ಟದೇನ್ರೀ ಅಕ್ಕಾ? ಟ್ಯಾಕ್ಸ್ ಆಫೀಸಿನವ ಅಂದ್ಕೊಂಡೆ, ಅರ್ಧ ಹೇಳಿದೆ. ಆಜೂಬಾಜೂದವರೂ ಅರ್ಧನ ಹೇಳ್ಯಾರ" ಎಂದ. ಅರ್ಧ ಹೇಳಿದ ನಗರ ಮಾನ್ವಿಗಿಂತ ಹತ್ತು ರೂಪಾಯಿ ಮೇಲೆ ಹೇಗೆ ಬಂತು? ಜಿಲ್ಲಾ ಕೇಂದ್ರದ ಮರ್ಯಾದೆಗೆಂದು ಯಾರೋ ಮೇಲೊಂದಿಷ್ಟು ಸುರಿದಿರಬೇಕು ಎಂಬುದು ನನ್ನ ಊಹೆ, ತಪ್ಪಾಗಿದ್ದರೆ ತಿದ್ದಿ. ಅಂತೂ ಒಂದೂರು ಹೆದರಿ ಹೇಳಿತು, ಒಂದೂರು ಹಬ್ಬದ ಗದ್ದಲದಲ್ಲಿ ಹೇಳಿತು, ಒಂದೂರು ರಜೆಯ ದಿನ ಹೇಳಿತು. ನೀವು ಮೂರನ್ನೂ ಒಂದರ ಕೆಳಗೊಂದು ಬರೆದು ಸಹಿ ಹಾಕಿದಿರಿ.

ಸರಿ, ನಾವು ನಿಜಕ್ಕೂ ಕಡಿಮೆ ಗಳಿಸುವವರೆಂದೇ ಇಟ್ಟುಕೊಳ್ಳೋಣ. ಆಗಲೂ ನಿಮ್ಮ ತರ್ಕ ನನಗೆ ದಕ್ಕುತ್ತಿಲ್ಲ. ಕಡಿಮೆ ಗಳಿಸುವವರಿಗೆ ಕಡಿಮೆ ಸಾಕು ಎಂಬುದು ಯಾವ ಶಾಸ್ತ್ರ? ತೆಳ್ಳಗಿರುವ ಮಗುವನ್ನು ಅಂಗನವಾಡಿಗೆ ಒಯ್ದರೆ, ಇದು ಮೊದಲೇ ತೆಳ್ಳಗಿದೆ, ಅರ್ಧ ಮೊಟ್ಟೆ ಕೊಡಿ ಎನ್ನುತ್ತಾರೆಯೇ? ದೇವದುರ್ಗದಲ್ಲಿ ದಾರದ ಉಂಡೆ ಅಗ್ಗವಲ್ಲ, ಸೂಜಿ ಇಲ್ಲಿಯೂ ಮುರಿಯುತ್ತದೆ, ಬೆನ್ನು ಇಲ್ಲಿಯೂ ನೋಯುತ್ತದೆ.

ಹಾಗಾದರೆ ಬಿಟ್ಟುಬಿಡಿ, ಹೋಗಬೇಡಿ ಎನ್ನುತ್ತೀರಿ. ಬಿಡುವುದು ಹೇಗೆ? ವರ್ಷವೆಲ್ಲ ಸೀರೆಗಳಿಗೆ ಫಾಲ್ ಹಚ್ಚಿ, ಹರಿದದ್ದು ಕೂಡಿಸಿ ಬರುವುದಕ್ಕಿಂತ ಹೆಚ್ಚು ಈ ಒಂದು ಸಮವಸ್ತ್ರದ ಕೆಲಸದಲ್ಲಿ ಬರುತ್ತದೆ. ಅರವತ್ತೈದಕ್ಕೆ ಹೊಲಿದರೆ ದಾರ, ಗುಂಡಿ, ಕರೆಂಟು ಕಳೆದು ಕೈಗೆ ಹತ್ತುವುದು ಗಾಳಿ. ನಮ್ಮ ಹೊಲಿಗೆ ಸಂಘದ ಶೇಖಮ್ಮ, ಹಣಮಮ್ಮ ಆಗಲೇ ಮಾನ್ವಿ ಸೇರಿದ್ದಾರೆ. ಉಳಿದವಳು ನಾನು, ಕೂಸಿನ ನೆಪ ಹೇಳಿಕೊಂಡು.

ನೆಪವಲ್ಲ ಅದು. ನನ್ನ ಮಗಳು ಬಾಟಲಿ ಮುಟ್ಟುವುದಿಲ್ಲ. ನಾಲ್ಕು ದಿನದಿಂದ ರೂಢಿ ಮಾಡಿಸುತ್ತಿದ್ದೇನೆ. ಬಾಯಿಗಿಟ್ಟರೆ ನಾಲಿಗೆಯಿಂದ ತಳ್ಳಿ, ಇದೇನು ಮೋಸ ಎಂಬಂತೆ ನನ್ನ ಮುಖ ನೋಡುತ್ತಾಳೆ. ಜೊತೆಗೆ ಒಯ್ಯೋಣವೆಂದರೆ ತಹಮೀನಾಳ ಮನೆಯ ಮೇಲೆ ತಗಡು, ಕೆಳಗೆ ಐದು ಮಷೀನು, ಹೊರಗೆ ನಮ್ಮ ಜಿಲ್ಲೆಯ ಮೇ ತಿಂಗಳು. ಅತ್ತೆ ಧೈರ್ಯ ಹೇಳುತ್ತಾರೆ: "ಹಸ್ತ್ರ ತಾನ ಕುಡೀತದ ಬಿಡು. ನಿನ್ನ ಗಂಡ ರೇವಣ್ಯಾ ನನ್ನ ಬಿಟ್ಟು ಒಂದು ವಾರ ಇರ್ಲಿಲ್ಲೇನು?"

"ಆವಾಗ ಅವರಿಗೆ ಎಷ್ಟು ವಯಸ್ಸು ಅತ್ತಿ?"

"ಎಂಟು ವರ್ಷ."

ನಗಬೇಕೆನಿಸಿತು, ಆಗಲಿಲ್ಲ. ಕೂಸು ಹಾಲು ಬಿಟ್ಟರೆ ಹೇಗೆ, ಜ್ವರ ಬಂದರೆ ಹೇಗೆ, ಹಿಂತಿರುಗುವಷ್ಟರಲ್ಲಿ ನನ್ನ ಗುರುತೇ ಮರೆತರೆ ಹೇಗೆ ಎಂದು ಎಣಿಸುತ್ತ ಮಲಗುವವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಸಮೀಕ್ಷೆಯಲ್ಲಿ ಇದಕ್ಕೊಂದು ಕಾಲಂ ಇದ್ದಿದ್ದರೆ ಅದನ್ನೂ ತುಂಬಿಸುತ್ತಿದ್ದೆ.

ನಿಮ್ಮ ಕಚೇರಿಗೆ ಎರಡು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಹಾಡು ಪೂರ್ತಿ ಕೇಳಿಸಿ ತಾನೇ ಇಟ್ಟುಬಿಡುತ್ತದೆ. ಅದಕ್ಕೇ ಈ ಪತ್ರವನ್ನು ರಾಯಚೂರು, ಮಾನ್ವಿ, ದೇವದುರ್ಗದ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕುತ್ತಿದ್ದೇನೆ. ಯಾವುದೋ ಒಂದರಲ್ಲಿ ನೀವು ಇದ್ದೇ ಇರುತ್ತೀರಿ. ನಾನು ಕೇಳುವುದು ದೊಡ್ಡದಲ್ಲ. ಒಂದು ಜಿಲ್ಲೆ, ಒಂದು ಅಂಗಿ, ಒಂದು ದರ. ಮತ್ತೆ ಅಳೆಯಲೇಬೇಕೆಂದರೆ ಬನ್ನಿ, ಇಡೀ ವರ್ಷ ಅಳೆಯಿರಿ. ಆದರೆ ಅಲ್ಲಿಯವರೆಗೆ ದೇವದುರ್ಗದಲ್ಲಿ ಕುಳಿತು ಹೊಲಿದದ್ದಕ್ಕೂ ಮಾನ್ವಿಯ ದರವೇ ಎಂದು ಒಂದು ಮಾತು ಹೇಳಿ. ಆದೇಶದ ಪ್ರತಿ ಸಾವಕಾಶ ಬರಲಿ, ಮಾತು ಸಾಕು. ನಾನು ಬಸ್ಸು ಹತ್ತುವುದಿಲ್ಲ.

ಊರವರೇ, ನಿಮ್ಮಲ್ಲಿ ಯಾರ ಹತ್ತಿರವಾದರೂ ಈ ಸಾಹೇಬರ ಮನೆಯ ನಂಬರಿದ್ದರೆ ಈಗಲೇ ಫೋನು ಹಚ್ಚಿ. ಬೈದರೆ ನನ್ನ ಹೆಸರು ಹೇಳಿ. ಸಾಹೇಬರೇ, ಈ ಪತ್ರ ಬಂದ ನಂಬರೇ ನನ್ನದು. ಮೂರಕ್ಕೆ ಮಾಡಿ, ನಾಲ್ಕಕ್ಕೆ ಮಾಡಿ, ಐದಕ್ಕಾದರೂ ಮಾಡಿ. ಎಚ್ಚರ ಇದ್ದೇ ಇರುತ್ತೇನೆ. ಬೆಳಕು ಹರಿಯುವ ಮುಂಚೆ ಒಂದು ಸಲ ಫೋನು ಮಾಡಿ. ಸದ್ದಿಗೆ ಕೂಸು ಎದ್ದರೂ ಅಡ್ಡಿಯಿಲ್ಲ, ಎತ್ತಿಕೊಳ್ಳಲು ನಾನಿನ್ನೂ ಮನೆಯಲ್ಲೇ ಇದ್ದೇನೆ.

ಇಂತಿ,
ಸದ್ಯಕ್ಕೆ ಅರವತ್ತೈದು ರೂಪಾಯಿಯ ಕೈಗಳವಳು,
ದೇವಿಕಾ, ದೇವದುರ್ಗ